ಬಿಡದಿಗೂ ಮೊದಲು ಯಲಹಂಕ ನೋಡಿ

ಬಿಡದಿಯ ಗ್ಯಾಸ್ ವಿದ್ಯುತ್ ಸ್ಥಾವರದ ಹಳೇ ಯೋಜನೆಗೆ ಮತ್ತೆ ಜೀವ ಕೊಡಬೇಕು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಆಸೆ ಒಳ್ಳೆಯದೇ. ಆದರೆ ಮೊದಲು ಯಲಹಂಕದ ಕಡೆ ಒಮ್ಮೆ ನೋಡಿ ಸಾರ್. ಡೀಸೆಲ್ ಸ್ಥಾವರವಿದ್ದ ಜಾಗದಲ್ಲಿ ರಾಜ್ಯ ಸರ್ಕಾರದ ವಿದ್ಯುತ್ ಕಂಪನಿ ಕೆಪಿಸಿಎಲ್ ಕಟ್ಟಿದ 370 ಮೆಗಾವ್ಯಾಟ್ ಗ್ಯಾಸ್ ಘಟಕ ಅದು. 2020ರಲ್ಲಿ ಅಲ್ಲಿ ಬೆಂಕಿ ಅವಘಡ ಆಯಿತು. ಉದ್ಘಾಟನೆ ಆಗಿದ್ದು 2024ರ ಸೆಪ್ಟೆಂಬರ್‌ನಲ್ಲಿ.

ತಂತ್ರಜ್ಞಾನದ ಬಗ್ಗೆ ನನ್ನ ತಕರಾರಿಲ್ಲ. ಗ್ಯಾಸ್ ಉರಿಸಿ ಒಂದು ಟರ್ಬೈನ್ ತಿರುಗಿಸುತ್ತಾರೆ. ಅದರಿಂದ ಹೊರಬರುವ ಬಿಸಿ ಗಾಳಿ ಸುಮಾರು 600 ಡಿಗ್ರಿ ಇರುತ್ತದೆ. ಅದನ್ನು ಸುಮ್ನೆ ಆಚೆ ಬಿಡದೆ ನೀರು ಕುದಿಸುತ್ತಾರೆ, ಆ ಹಬೆಯಿಂದ ಇನ್ನೊಂದು ಟರ್ಬೈನ್ ತಿರುಗುತ್ತದೆ. ಅಷ್ಟೇ ಗ್ಯಾಸಿಗೆ ಹೆಚ್ಚುಕಮ್ಮಿ ಒಂದೂವರೆ ಪಟ್ಟು ಕರೆಂಟು. ಕಲ್ಲಿದ್ದಲಿನ ಬೂದಿಯ ಕಾಟವೂ ಇಲ್ಲ. ಸಂಜೆ ಪಾವಗಡದ ಸೋಲಾರ್ ಇಳಿಯುವ ಹೊತ್ತಿಗೆ ಬೇಗ ಚಾಲೂ ಮಾಡಬಹುದು.

ತೊಂದರೆ ಇರುವುದು ಒಲೆಯಲ್ಲಲ್ಲ, ಸೌದೆಯಲ್ಲಿ. ದಾಭೋಳ್–ಬೆಂಗಳೂರು ಪೈಪ್‌ಲೈನ್ 2013ರಲ್ಲೇ ಬಂತು. ಪೈಪು ಬಂದ ಮಾತ್ರಕ್ಕೆ ಗ್ಯಾಸ್ ಅಗ್ಗವಾಗುತ್ತದಾ? ಕೃಷ್ಣಾ-ಗೋದಾವರಿ ಕೊಳ್ಳದ ಗ್ಯಾಸ್ ನಂಬಿ ಆಂಧ್ರದಲ್ಲಿ ಕಟ್ಟಿದ ಎಷ್ಟೋ ಸ್ಥಾವರಗಳು ವರ್ಷಗಟ್ಟಲೆ ಖಾಲಿ ನಿಂತವು. ಹಡಗಿನಲ್ಲಿ ಬರುವ ಎಲ್‌ಎನ್‌ಜಿ (ದ್ರವರೂಪದ ಗ್ಯಾಸ್) ಬೆಲೆ 2022ರಲ್ಲಿ ಯುಕ್ರೇನ್ ಯುದ್ಧದ ಹೊತ್ತಿಗೆ ಎಲ್ಲಿಗೆ ಏರಿತು, ನೆನಪಿದೆ ಅಲ್ವಾ? ನಮ್ಮ ಮಂಗಳೂರಿನ ತಣ್ಣೀರುಬಾವಿಯಲ್ಲಿದ್ದ 220 ಮೆಗಾವ್ಯಾಟ್ ತೇಲುವ ಸ್ಥಾವರ ನಾಫ್ತಾ ಎಂಬ ಪೆಟ್ರೋಲಿಯಂ ಇಂಧನ ನಂಬಿತ್ತು. ಕೊನೆಗೆ ಗ್ಯಾಸ್ ಹುಡುಕಿಕೊಂಡು ಅದೇ ಆಂಧ್ರದ ಕಾಕಿನಾಡಕ್ಕೆ ಹೋಯಿತು!

ಹಾಗಾಗಿ ಮೆಗಾವ್ಯಾಟ್ ಲೆಕ್ಕ ಸಾಕು. ಗ್ಯಾಸ್ ಯಾರು ಕೊಡುತ್ತಾರೆ, ಎಷ್ಟು ವರ್ಷದ ಕರಾರು, ಯೂನಿಟ್‌ಗೆ ಎಷ್ಟು ಬೀಳುತ್ತದೆ, ಮುಂದಿನ ಲೇಖನದಲ್ಲಿ ಅದನ್ನು ಬರೆಯಿರಿ.