ಅಜಿರ್ದಾರರ ಗಮನಕ್ಕೆ

ನವೆಂಬರ್ ಬಂತು ಅಂದರೆ ನಮ್ಮ ಕಚೇರಿಗಳಿಗೆ ಕನ್ನಡದ ಮೇಲೆ ಪ್ರೀತಿ ಉಕ್ಕುತ್ತದೆ. ಕಳೆದ ಸಲ ಆ ಪ್ರೀತಿಯಲ್ಲಿ ನನಗೂ ಸ್ವಲ್ಪ ಪಾಲು ಸಿಕ್ಕಿತು. ಒಂದು ಕಚೇರಿಯಿಂದ ಇ-ಮೇಲ್ ಬಂತು. 'ಕಂಪ್ಯೂಟರಿನಲ್ಲಿ ಕನ್ನಡ ಬಳಸೋಣ' ಎಂಬ ಶಿಬಿರ, ಜೊತೆಗೆ ಅರ್ಜಿ ನಮೂನೆಯ ವರ್ಡ್ ಫೈಲು. ತೆರೆದೆ. ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಹೊತ್ತ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಗೀಟಿನ ಎ, ಜರ್ಮನ್ನರ ಡಬಲ್ ಎಸ್ಸು, ಸಣ್ಣ ಕ್ಯು, ಕೊನೆಗೆ ಇನ್ನೊಂದು ಗೀಟಿನ ಎ. ಒಟ್ಟು 7 ಗುರುತು. ಅದು 'ಕನ್ನಡ' ಅಂತೆ.

ಫೋನ್ ಮಾಡಿದೆ. "ನಿಮ್ಮ ಕಂಪ್ಯೂಟರಿನಲ್ಲಿ ಕನ್ನಡ ಇಲ್ಲ ಸಾರ್" ಅಂದರು. ನಾನು ದಿನಾ ಅದರಲ್ಲೇ ಕನ್ನಡ ಬರೆಯುವವನು. "ನುಡಿ ಫಾಂಟ್ ಹಾಕ್ಕೊಳ್ಳಿ, ಕಂಟ್ರೋಲ್ ಎ ಒತ್ತಿ ಫಾಂಟ್ ಬದಲಾಯಿಸಿ, ಅಷ್ಟೇ."

ಬದಲಾಯಿಸಿದೆ. ಕನ್ನಡ ಬಂತು. ಸ್ವಲ್ಪ ಜಾಸ್ತಿಯೇ ಬಂತು. ಇಂಗ್ಲಿಷ್ ದೊಡ್ಡಕ್ಷರದಲ್ಲಿದ್ದ ಡಿಸಿ ಈಗ 'ಆಅ' ಆಗಿದ್ದರು. ಸಿಇಒ 'ಅಇಔ'. ಒಬ್ಬರಿಗೆ ಆಕಳಿಕೆ, ಇನ್ನೊಬ್ಬರಿಗೆ ಹಲ್ಲುನೋವು.

ಇದರಲ್ಲಿ ಫಾಂಟಿನ ತಪ್ಪೇನಿಲ್ಲ. ಆಗ ಒಂದೊಂದು ಗುರುತನ್ನೂ 8 ಬಿಟ್‌ನಲ್ಲಿ ಇಡುತ್ತಿದ್ದರು, ಗುರುತುಗಳಿಗೆ ಸಿಗುತ್ತಿದ್ದುದೇ 256 ಮನೆ. ಅಲ್ಲಿ ಆಗಲೇ ಇಂಗ್ಲಿಷ್ ಒಕ್ಕಲಿತ್ತು. ನಮ್ಮ ತಲೆಕಟ್ಟು, ಕೊಂಬು, ಒತ್ತುಗಳನ್ನೆಲ್ಲ ಅದೇ ಮನೆಗಳಲ್ಲಿ ಕೂರಿಸಿದರು. ಫೈಲಿನೊಳಗೆ ಇರುವುದು ಪಿ, ಕಾಣುವುದು ಕ. ವೇಷ ಕಳಚಿದರೆ ಮತ್ತೆ ಪಿ. ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿ 1991ರಲ್ಲೇ ಕನ್ನಡಕ್ಕೆ 128 ಮನೆಗಳ ಸ್ವಂತ ಬೀದಿ ಕೊಟ್ಟಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡದ ತುಂಗಾ ಫಾಂಟೂ ಬಂತು. ಈ ಕಚೇರಿ ಮಾತ್ರ ಹಳೇ ಬಾಡಿಗೆ ಮನೆ ಬಿಟ್ಟಿಲ್ಲ. ಅಡ್ವಾನ್ಸ್ ವಾಪಸ್ ಬಂದಿಲ್ಲವೋ ಏನೋ.

ಹೋಗಲಿ ಅಂದುಕೊಂಡು ನಮೂನೆ ತುಂಬಿದೆ. ಅವರದೇ ಪೋರ್ಟಲ್ಲಿಗೆ ಅಂಟಿಸಿದೆ. 'ಅಮಾನ್ಯ ಅಕ್ಷರ' ಅಂತು. ಪೋರ್ಟಲ್ ಯೂನಿಕೋಡ್ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲವಂತೆ. ಭಾರಿ ಮಡಿ.

"ನುಡಿಯನ್ನ ಯೂನಿಕೋಡ್ ಮಾಡೋ ಪರಿವರ್ತಕ ಇದೆಯಲ್ಲ ಸಾರ್" ಅಂದರು ಕಚೇರಿಯವರು. ಅದನ್ನೂ ಓಡಿಸಿದೆ. ಹಳೇ ಪದ್ಧತಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ಹಿಂದೆ ಕೂರುತ್ತದೆ. ಯೂನಿಕೋಡಿನಲ್ಲಿ ಅದು ಮುಂದೆ ಬರಬೇಕು. ಎತ್ತಿ ಮುಂದಿಡುವ ತಾಳ್ಮೆ ಆ ಪರಿವರ್ತಕಕ್ಕೆ ಇರಲಿಲ್ಲ. ಕರ್ನಾಟಕ 'ಕನಾರ್ಟಕ' ಆಯಿತು. ಧರ್ಮ 'ಧಮರ್', ವರ್ಷ 'ವಷರ್', ಅರ್ಜಿ 'ಅಜಿರ್'. ಕೊನೆಯ ಮೂವರೂ ಅಣ್ಣತಮ್ಮಂದಿರ ಹಾಗೆ ಕೇಳಿಸುತ್ತಾರೆ, ಅಲ್ವಾ?

ಸೋತು ಕಚೇರಿಗೇ ಹೋದೆ. "ಸುಮ್ನೆ ಯಾಕೆ ತಲೆ ಕೆಡಿಸ್ಕೋತೀರಿ?" ಅಂದ ಗುಮಾಸ್ತರು ನನ್ನ ಫೈಲಿನ ಪ್ರಿಂಟ್ ತೆಗೆದರು. ಪಕ್ಕದ ಮೇಜಿನವರು ಅದನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿದರು. ಮೂರನೇ ಮೇಜಿನ ಹುಡುಗಿ ಆ ಪಿಡಿಎಫ್ ನೋಡಿಕೊಂಡು ಎಲ್ಲವನ್ನೂ ಮೊದಲಿನಿಂದ ಪೋರ್ಟಲ್ಲಿಗೆ ಟೈಪ್ ಮಾಡಿದಳು. ಅರ್ಕಾವೊತ್ತು ಒಂದೂ ತಪ್ಪಲಿಲ್ಲ. ಪುಣ್ಯಾತ್ಗಿತ್ತಿ.

ಎರಡು ತಿಂಗಳಿಗೆ ಉತ್ತರ ಬಂತು. ಈ ಸಲ ಯೂನಿಕೋಡಿನಲ್ಲೇ ಇತ್ತು. "ಮಾನ್ಯ ಅಜಿರ್ದಾರರೇ, ತಮ್ಮ ಅಜಿರ್ ಅಪೂಣರ್ವಾಗಿದೆ."