ಪುಸ್ತಕದ ಪಿಡಿಎಫ್ ಹಂಚಬಹುದೆ?

ಪರ

ಪಿಡಿಎಫ್ ಹಂಚುವವರ ಕಡೆಗೂ ನಿಂತು ಬರೆಯಿರಿ ಎಂದರು, ಬರೆಯುತ್ತಿದ್ದೇನೆ. ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗರಿಗೆ ಮನೆಯಿಂದ ಬರುವ ದುಡ್ಡು ಬಾಡಿಗೆ ಮತ್ತು ಖಾನಾವಳಿಗೇ ಮುಗಿಯುತ್ತದೆ. ಪುಸ್ತಕಗಳ ಪಿಡಿಎಫ್ ಬರುವ ಅವರ ಟೆಲಿಗ್ರಾಂ ಗುಂಪು ಮುಚ್ಚಿಸಿದರೆ ಅವರೇನು ಅಂಗಡಿಗೆ ಓಡುತ್ತಾರೆಯೆ? ಓದುವುದನ್ನೇ ಬಿಡುತ್ತಾರೆ.

ಇನ್ನು ಕಾನೂನು. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಬೇಂದ್ರೆಯವರು ಹೋದದ್ದು 1981ರಲ್ಲಿ, ಅಂದರೆ 2041ರ ಕೊನೆಯವರೆಗೆ. ಅವರ ಪುಸ್ತಕಗಳೇನೋ ಸಿಗುತ್ತವೆ. ಅದೇ ಕಾಲದ, ಯಾರೂ ಮರುಮುದ್ರಿಸದ ಲೇಖಕರನ್ನು ಓದುವುದೆಲ್ಲಿ? 2016ರಲ್ಲಿ ದೆಹಲಿ ಹೈಕೋರ್ಟ್ ಕೂಡ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಕೇಸಿನಲ್ಲಿ, ಪಾಠಕ್ಕೆ ಬೇಕಾದ ಭಾಗಗಳ ಪ್ರತಿ ತೆಗೆಯುವುದು ತಪ್ಪಲ್ಲ ಎಂದಿತ್ತು. ಇಡೀ ಕಾದಂಬರಿಗೆ ಆ ತೀರ್ಪು ಹೊಂದುತ್ತದೆಯೆ ಎಂದು ನನ್ನನ್ನು ಕೇಳಬೇಡಿ.

ವಿರೋಧ

ನಾನು ಹುಬ್ಬಳ್ಳಿ-ಧಾರವಾಡದಲ್ಲಿ ಪುಸ್ತಕ ಮಾರುವವನು. ನನಗೆ ಹೇಳಿ ಬರೆಸಬೇಕಾಗಿಲ್ಲ.

ಕಳ್ಳಪ್ರತಿಗೆ ಜೈಲು, ದಂಡ ಎರಡೂ 1957ರ ಕಾಯ್ದೆಯಲ್ಲಿವೆ. ಅದು ಬದಿಗಿರಲಿ. ಕನ್ನಡದಲ್ಲಿ ಒಂದು ಪುಸ್ತಕ ಸಾವಿರ ಪ್ರತಿ ಅಚ್ಚಾದರೆ ದೊಡ್ಡದು. ಕಾಗದ, ಡಿಟಿಪಿ, ಬೈಂಡಿಂಗು, ನಮ್ಮಂಥವರ ಕಮಿಷನ್ನು ಎಲ್ಲ ಕಳೆದು ಲೇಖಕರ ಕೈಗೆ ಬರುವುದು ನೂರಕ್ಕೆ ಹತ್ತು ರೂಪಾಯಿ. ಅದೂ ಪ್ರತಿ ಖರ್ಚಾದರೆ.

ಒಂದು ಸಾಹಿತ್ಯ ಕಾರ್ಯಕ್ರಮದಲ್ಲಿ ಮಳಿಗೆ ಹಾಕಿದ್ದೆ. ಕಾಲೇಜಿನ ಪ್ರಾಧ್ಯಾಪಕರೊಬ್ಬರು ಬಂದು ಹೊಸ ಕಾದಂಬರಿಯೊಂದನ್ನು ಕೈಗೆತ್ತಿಕೊಂಡರು. ಲೇಖಕರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ‘ಭಾಳ ಛಲೋ ಬರದೀರಿ ಸರ್. ನಮ್ಮ ಗ್ರೂಪಿನ್ಯಾಗ ಪಿಡಿಎಫ್ ಬಂದಿತ್ರಿ, ಒಂದ ರಾತ್ರ್ಯಾಗ ಓದಿ ಮುಗಿಸಿದೆ’ ಎಂದರು. ಮುಖದಲ್ಲಿ ಎಳ್ಳಷ್ಟು ಅಳುಕಿಲ್ಲ. ಮೇಲೆ ಒಂದು ಸೆಲ್ಫಿ. ಲೇಖಕರು ನಕ್ಕು ನಿಂತರು, ಪಾಪ, ಇನ್ನೇನು ಮಾಡಿಯಾರು! ಪ್ರಾಧ್ಯಾಪಕರು ಪುಸ್ತಕವನ್ನು ಮೇಜಿನ ಮೇಲೆ, ಅದೂ ಬೇರೆ ಸಾಲಿನಲ್ಲಿ ಇಟ್ಟು ಹೋದರು. ಇದೇ ಊರಿನ ಜನ ಲೈನ್ ಬಜಾರಿನಲ್ಲಿ ಪೇಢೆಗೆ ಸಾಲು ಹಚ್ಚಿ ದುಡ್ಡು ಎಣಿಸುತ್ತಾರೆ. ಅಲ್ಲಿ ಯಾರೂ ‘ಗ್ರೂಪಿನ್ಯಾಗ ಬಂದಿತ್ತು’ ಅನ್ನುವುದಿಲ್ಲ.

ಸಿಗದ ಹಳೆಯ ಪುಸ್ತಕಗಳ ಬಗ್ಗೆ ಮರುಗುವವರ ಫೋನು ತೆಗೆಸಿ ನೋಡಿ, ಮೊನ್ನೆ ಬಿಡುಗಡೆಯಾದದ್ದೇ ಮೊದಲು ಸಿಗುತ್ತದೆ. ಸಪ್ತಾಪುರದ ಹುಡುಗರನ್ನು ಮುಂದೆ ಮಾಡುವುದೂ ಸಾಕು. ನನ್ನೆದುರು ಪಿಡಿಎಫ್ ತೋರಿಸಿದವರೆಲ್ಲ ಸಂಬಳದವರು. ಆ ಹುಡುಗರು ಹಳೆಯ ಪುಸ್ತಕ ಅರ್ಧ ಬೆಲೆಗೆ ಒಯ್ದು, ಪರೀಕ್ಷೆ ಮುಗಿದ ಮೇಲೆ ನಮಗೇ ತಂದು ಮಾರುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ.