ತೀರ್ಪು ಕೊಡೋ ಚಟ

ನಿನ್ನೆ ಸಮುದಾಯ ಮಧ್ಯಸ್ಥಿಕೆಯ ತರಬೇತಿಗೆ ಹೋಗಿದ್ದೆ. ತಲೆ ಇನ್ನೂ ಬಿಸಿಯಾಗಿದೆ, ಬರೆದರಾದರೂ ಇಳಿಯುತ್ತದೇನೋ ನೋಡೋಣ.

ಊರಿನವರೇ ಸ್ವಯಂಸೇವಕರಾಗಿ ಊರಿನ ಜಗಳ ಬಗೆಹರಿಸಲು ಕಲಿಯುವ ತರಬೇತಿ ಅದು. ಅಭ್ಯಾಸಕ್ಕೆ ಒಂದು ಸುಳ್ಳು ಜಗಳ ಕೊಟ್ಟಿದ್ದರು. ಮೇಲಿನ ಮನೆಯ ಬಚ್ಚಲು ನೀರು ಕೆಳಗಿನ ಮನೆಯ ಅಂಗಳಕ್ಕೆ ಹರಿಯುತ್ತದೆ. ಮಧ್ಯಸ್ಥರಾಗಿ ಕೂತವರು ನಿವೃತ್ತ ಮೇಷ್ಟ್ರೊಬ್ಬರು. ಕೆಳಗಿನ ಮನೆಯಾಕೆ "ನೋಡಿ ಸಾರ್, ನಮ್ಮತ್ತೆ ಜಾರಿಬಿದ್ದು..." ಅನ್ನುವಷ್ಟರಲ್ಲೇ, "ಆಯ್ತು ಬಿಡಮ್ಮ, ಅವರು ಪೈಪ್ ಹಾಕಿಸ್ಲಿ, ನೀನು ಅರ್ಧ ದುಡ್ಡು ಕೊಡು. ಅಕ್ಕಪಕ್ಕದೋರು ಹೊಂದ್ಕೊಂಡು ಹೋಗ್ಬೇಕು" ಅಂದುಬಿಟ್ಟರು. ಮುಗೀತು! ಚಪ್ಪಾಳೆ ಬೇರೆ.

ಅತ್ತೆಗೆ ಏನಾಯ್ತು? ಯಾರೂ ಕೇಳಲಿಲ್ಲ.

ಎರಡು ಮಾತು ಕಿವಿಗೆ ಬಿದ್ದರೆ ಸಾಕು, ನಮಗೆ ತೀರ್ಪು ನಾಲಿಗೆ ತುದಿಯಲ್ಲಿರುತ್ತದೆ. ಮಧ್ಯಸ್ಥರ ಕೆಲಸ ಅದಲ್ಲವೇ ಅಲ್ಲ. ಇಬ್ಬರನ್ನೂ ಪೂರ್ತಿ ಮಾತಾಡಲು ಬಿಡಬೇಕು. ಕೇಳಿದ್ದನ್ನು ಅವರಿಗೇ ತಿರುಗಿ ಹೇಳಿ "ಸರಿಯಾಗಿ ಅರ್ಥ ಮಾಡ್ಕೊಂಡೆನಾ?" ಅನ್ನಬೇಕು. ಬೇಕಾದರೆ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಮಾತಾಡಿಸಬೇಕು, ಅಲ್ಲಿ ಕೇಳಿದ್ದನ್ನು ಇಲ್ಲಿ ಬಾಯಿಬಿಡಬಾರದು. ದಾರಿ ಅವರೇ ಹುಡುಕಿಕೊಳ್ಳುತ್ತಾರೆ. ಸುಲಭ ಅನ್ಸುತ್ತೆ ಅಲ್ವಾ? ಬುದ್ಧಿ ಹೇಳದೆ ಹತ್ತು ನಿಮಿಷ ಕೂತು ನೋಡಿ.

ಆಮೇಲೆ ಅದೇ ಜಗಳಕ್ಕೆ ಸ್ವಸಹಾಯ ಸಂಘದ ಒಬ್ಬಾಕೆ ಕೂತರು. ಕೈಯಲ್ಲಿ ಮೈಕ್ ನಡುಗುತ್ತಿತ್ತು. ಕೇಳಿದ್ದು ಒಂದೇ: "ಈ ನೀರು ಬರೋಕೆ ಮುಂಚೆ ನೀವಿಬ್ರೂ ಮಾತಾಡ್ತಿದ್ರಾ ಅಕ್ಕ?" ಜಗಳದ ಪಾರ್ಟು ಮಾಡುತ್ತಿದ್ದವರೇ ಗಲಿಬಿಲಿಯಾದರು. ಆಮೇಲೆ ಒಬ್ಬಾಕೆ ಮೆಲ್ಲಗೆ, "ಗೃಹಪ್ರವೇಶಕ್ಕೆ ನಮ್ಮನ್ನ ಕರೀಲಿಲ್ಲ" ಅಂದರು! ಕೊಟ್ಟ ಹಾಳೆಯಲ್ಲಿ ಅದು ಇರಲೇ ಇಲ್ಲ. ನನಗೆ ಎದ್ದು ನಿಂತು ಶಿಳ್ಳೆ ಹೊಡೆಯೋಣ ಅನ್ನಿಸಿತು. ಈ ಸಲ ಚಪ್ಪಾಳೆ ಬರಲಿಲ್ಲ, ಊಟಕ್ಕೆ ಹೊತ್ತಾಗಿತ್ತಂತೆ.

"ಹಿಂದೆ ಹಿರಿಯರು ಅರಳಿಕಟ್ಟೆ ಮೇಲೆ ಕೂತು ತೀರ್ಪು ಕೊಡ್ತಿರಲಿಲ್ವಾ, ಊರು ಚೆನ್ನಾಗೇ ಇತ್ತಲ್ಲ" ಅಂತ ಈಗ ಯಾರಾದರೂ ಕಾಮೆಂಟ್ ಹಾಕುತ್ತೀರಿ. ಕೊಡ್ತಿದ್ದರು ಸ್ವಾಮಿ. ಕಟ್ಟೆ ಮೇಲೆ ಯಾರು ಕೂರುತ್ತಿದ್ದರು, ಕೆಳಗೆ ಕೈಕಟ್ಟಿಕೊಂಡು ಯಾರು ನಿಲ್ಲುತ್ತಿದ್ದರು? ದಂಡ, ಬಹಿಷ್ಕಾರ ಯಾರ ತಲೆಗೆ ಬೀಳುತ್ತಿತ್ತು? ಚೆನ್ನಾಗಿತ್ತು ಅನ್ನುವವರೆಲ್ಲ ಕಟ್ಟೆ ಮೇಲಿನವರ ಮೊಮ್ಮಕ್ಕಳೇ.

2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಸಮುದಾಯ ಮಧ್ಯಸ್ಥಿಕೆಗೇ ಒಂದು ಅಧ್ಯಾಯ ಇದೆ. ಮೊದಲು ಎರಡೂ ಕಡೆಯವರು ಒಪ್ಪಬೇಕು, ಮೂವರು ಮಧ್ಯಸ್ಥರು ಕೂರಬೇಕು. ಅಲ್ಲಿ ಆದ ಒಪ್ಪಂದಕ್ಕೆ ಕೋರ್ಟ್ ಡಿಕ್ರಿಯ, ಅಂದರೆ ಕೋರ್ಟಿನ ತೀರ್ಪಿನ ಆದೇಶದ, ಬಲ ಇಲ್ಲ. "ಹಾಗಾದ್ರೆ ಏನು ಪ್ರಯೋಜನ?" ಅಂತ ಪಕ್ಕದಲ್ಲಿದ್ದ ವಕೀಲರು ನಕ್ಕರು. ಆ ಬಲ ಇಲ್ಲದಿರೋದಕ್ಕೇ ನಾನು ಹೇಳೋದು, ತೀರ್ಪು ಕೊಟ್ಟು ಎದ್ದು ಹೋದರೆ ಆಗಲ್ಲ ಅಂತ. ಇಬ್ಬರಿಗೂ ಮನಸ್ಸಿಂದ ಒಪ್ಪಿಗೆಯಾಗದಿದ್ದರೆ ಆ ಕಾಗದವನ್ನು ಯಾರು ಕೇಳ್ತಾರೆ?

ಡಿಕ್ರಿಯ ಬಲ ನನಗೂ ಗೊತ್ತು. ಬೇಲಿ ವಿಚಾರಕ್ಕೆ ಚಿಕ್ಕಪ್ಪನ ಜೊತೆ ನಮ್ಮನೆಯವರ ಕೇಸು ನಡೆದಿತ್ತು. ಗೆದ್ದೆವು. ಡಿಕ್ರಿ ಬೀರುವಿನಲ್ಲಿ ಭದ್ರವಾಗಿದೆ. ಚಿಕ್ಕಪ್ಪ ಅಜ್ಜಿಯ ತಿಥಿಗೂ ಬರುವುದಿಲ್ಲ. ಅಪ್ಪ ಪ್ರತಿ ವರ್ಷ ಒಂದು ಎಲೆ ಜಾಸ್ತಿ ಹಾಕಿಸುತ್ತಾರೆ, ಯಾಕೆ ಅಂತ ನಾವ್ಯಾರೂ ಕೇಳಲ್ಲ.

ಇನ್ನು ಆ ಮೂವರು ಮಧ್ಯಸ್ಥರು ಯಾರಾಗಬಹುದು? ಕಾಯ್ದೆಯ ಪಟ್ಟಿಯಲ್ಲಿ ಊರಿನ ಗಣ್ಯರಿದ್ದಾರೆ, ಬಡಾವಣೆ ಸಂಘದವರಿದ್ದಾರೆ, ಮಧ್ಯಸ್ಥಿಕೆಯ ಅನುಭವ ಇರುವವರೂ ಇದ್ದಾರೆ. ಹೆಂಗಸರ ವಿಷಯಕ್ಕೆ ಬಂದರೆ, ಸೇರಿಸೋದನ್ನ ಪರಿಗಣಿಸಬಹುದು ಅಷ್ಟೇ, ಕಡ್ಡಾಯ ಇಲ್ಲ. ಅಂದಮೇಲೆ ಮೂರೂ ಕುರ್ಚಿಗೆ ಯಾರು ಬರ್ತಾರೆ ಅಂತ ಬಿಡಿಸಿ ಹೇಳಬೇಕಾ? ವಯಸ್ಸು, ಬಿಳಿ ಪಂಚೆ, ಮೈಕ್ ಹಿಡಿಯೋ ಧೈರ್ಯ ನೋಡಿ ಹೆಸರು ಬರೆಯಬೇಡಿ, ಅಭ್ಯಾಸದಲ್ಲಿ ಯಾರು ಹೇಗೆ ಕೇಳಿಸಿಕೊಂಡರು ನೋಡಿ ಬರೆಯಿರಿ ಅಂತ ಫೀಡ್‌ಬ್ಯಾಕ್ ಫಾರಂನಲ್ಲೂ ಗೀಚಿ ಬಂದಿದ್ದೇನೆ. ಹೆಸರು, ಫೋನ್ ನಂಬರ್ ಸಮೇತ. ಮುಂದಿನ ಸಲ ಕರೆಯೋದು ಡೌಟು.